ನಂದಾತು, ನೀ ಹೇಳು

ನಮ್ಮ ಕಡೆ ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನೆ ಕೂತರೆ ಅದನ್ನು ಮರ್ಯಾದೆ ಅನ್ನುವುದಿಲ್ಲ, ಮುನಿಸು ಅನ್ನುತ್ತಾರೆ. ಕೇಳುವವರು ‘ಹೂಂ’ ಅನ್ನುತ್ತಲೇ ಇರಬೇಕು. ನಡುನಡುವೆ ‘ಹೌದಲ್ಲ’, ‘ಅಯ್ಯ ಶಿವನ’, ‘ಮುಂದ?’ ಅಂತ ಸೇರಿಸಬೇಕು. ಹುರುಪು ಬಂದರೆ ಹೇಳುವವರ ಮಾತಿನ ಮೇಲೆ ನಮ್ಮ ಮಾತನ್ನೂ ಹಾಕಬೇಕು. ನನ್ನ ಅತ್ತೆಯವರಂತೂ ಒಂದು ‘ಹೂಂ’ ತಪ್ಪಿದರೆ ಹೇಳುತ್ತಿದ್ದುದನ್ನು ಅಲ್ಲೇ ನಿಲ್ಲಿಸಿ, “ಯಾಕವಾ, ನಿದ್ದಿ ಬಂತೇನ?” ಎಂದು ಕೇಳಿಬಿಡುತ್ತಿದ್ದರು.

ಅತ್ತೆಯವರದು ಬೀದರ ಕಡೆ. ಮಾವನವರ ಸರಕಾರಿ ನೌಕರಿಯ ಬೆನ್ನು ಹತ್ತಿ ಹೈದರಾಬಾದಿಗೆ ಬಂದವರು, ಮೆಹದಿಪಟ್ಟಣಂ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮನೆ ಕಟ್ಟಿಸಿಕೊಂಡು, ಮಾವನವರು ತೀರಿಕೊಂಡ ಮೇಲೂ ಅಲ್ಲೇ ಇದ್ದವರು. ತರಕಾರಿಯವಳ ಜೊತೆ ತೆಲುಗು, ಆಟೋದವನ ಜೊತೆ ಉರ್ದು, ಮನೆಯಲ್ಲಿ ಕನ್ನಡ. ಮೂರರಲ್ಲೂ ಎದುರಿನವರಿಗೆ ಬಾಯಿ ತೆರೆಯಲು ಸಂದು ಸಿಗುತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ನನಗೆ ತಲೆ ಗಿಮ್ ಅನ್ನುತ್ತಿತ್ತು. ಆಮೇಲೆ ನಾನೂ ಕಲಿತೆ, ಅವರ ಮಾತಿನ ಮೇಲೆ ಮಾತು ಹಾಕುವುದನ್ನು.

ಅಂಥ ಮನೆಗೆ ಸ್ಯಾಟಲೈಟ್ ಫೋನಿನ ಸಂಬಂಧ ಬೆಳೆಯಿತು ಅಂದರೆ ಏನಾಗಬೇಡ!

ಇವರು ಸೈನ್ಯದಲ್ಲಿ ವೈರ್‌ಲೆಸ್ ಸೆಟ್ಟಿನ ಮುಂದೆ ಕೂರುವವರು. ಇವರು ಅಂದರೆ ನನ್ನ ಗಂಡ. ಹೆಸರು ಹಿಡಿದು ಕರೆದು ರೂಢಿಯಿಲ್ಲ, ಬರೆಯುವಾಗಲೂ ಕೈ ಬರುವುದಿಲ್ಲ. ಮದುವೆಯ ಮರುವರ್ಷವೇ ಇವರ ತುಕಡಿಗೆ ಆಫ್ರಿಕಾದ ಒಂದು ದೇಶಕ್ಕೆ ಹೋಗಲು ಆದೇಶ ಬಂತು. ಅಲ್ಲಿ ಬಹಳ ಕಾಲದಿಂದ ಒಳಜಗಳ. ನಾನಾ ದೇಶಗಳ ಸೈನಿಕರು ನೀಲಿ ಟೋಪಿ ಹಾಕಿಕೊಂಡು ಹೋಗಿ ಹೊಡೆದಾಡುವವರ ನಡುವೆ ನಿಲ್ಲಬೇಕು, ಬಡಜನರನ್ನು ಕಾಯಬೇಕು. “ಗುಂಡು ಹಾರಸಾಕ ಹೋಗೂದಲ್ಲವಾ, ಹಾರಧಂಗ ನೋಡಾಕ ಹೋಗೂದು,” ಎಂದು ಇವರು ತಾಯಿಗೆ ತಿಳಿಸಿ ಹೇಳಿದರು.

“ನಮ್ಮ ಓಣ್ಯಾಗ ಜಗಳ ಬಿಡಸಾಕ ಹೋಗಿ ನಿಮ್ಮಪ್ಪ ಹಲ್ಲು ಮುರಕೊಂಡು ಬಂದಿದ್ರು, ನೆನಪೈತಿಲ್ಲ?” ಅಂದರು ಅತ್ತೆ. ಹಾಗಂದರೂ ಮರುದಿನದಿಂದ ಒರಳಿನ ಮುಂದೆ ಕೂತು, ಶೇಂಗಾ ಹುರಿದು, ಖಾರ ಬೆಳ್ಳುಳ್ಳಿ ಹಾಕಿ ಕುಟ್ಟಿ, ದೊಡ್ಡ ಡಬ್ಬಿಯ ತುಂಬ ಶೇಂಗಾ ಹಿಂಡಿ ಮಾಡಿ ಕಟ್ಟಿಕೊಟ್ಟರು. ಇವರಿಗೆ ಅದಿಲ್ಲದೆ ತುತ್ತು ಇಳಿಯುತ್ತಿರಲಿಲ್ಲ.

ನಾನು ಆಗ ಅಮೀರ್‌ಪೇಟ್‌ನಲ್ಲಿ ಒಂದು ಕಂಪ್ಯೂಟರ್ ಕೋಚಿಂಗ್ ಸೆಂಟರಿನ ಕೌಂಟರಿನಲ್ಲಿ ಕೂರುತ್ತಿದ್ದೆ. ಆ ದಿನಗಳನ್ನು ನೋಡಿದವರಿಗೇ ಗೊತ್ತು. ಬಸ್ಸಿಳಿದರೆ ಸಾಕು, ಕೈಗೆ ಕರಪತ್ರ ತುರುಕುವವರು. ಒಂದೊಂದು ಕಟ್ಟಡಕ್ಕೂ ಮುಖ ಕಾಣದಷ್ಟು ಬೋರ್ಡು. ಹಾಸ್ಟೆಲ್ಲುಗಳ ಮೆಟ್ಟಿಲ ಮೇಲೆಲ್ಲ ಚಪ್ಪಲಿ. ಇಡೀ ಊರಿಗೆ ಪರದೇಶ ಎಂದರೆ ಸಾಫ್ಟ್‌ವೇರ್, ಸಾಫ್ಟ್‌ವೇರ್ ಎಂದರೆ ಪರದೇಶ. ಗಂಡ ಹೊರದೇಶದಲ್ಲಿದ್ದಾರೆ ಅಂದರೆ ಮೊದಲ ಪ್ರಶ್ನೆ ಯಾವ ಕಂಪನಿ ಅಂತ. ಆಫ್ರಿಕಾ ಅಂದಾಗ ಒಬ್ಬ ವಿದ್ಯಾರ್ಥಿ ಹುಬ್ಬು ಗಂಟಿಕ್ಕಿ, “ಆಫ್ರಿಕಾಲೋ ಏಂ ಪ್ರಾಜೆಕ್ಟ್ ಮೇಡಂ?” ಎಂದ. “ಶಾಂತಿ ಪ್ರಾಜೆಕ್ಟು,” ಅಂದೆ. “ಅದಿ ಜಾವಾಲೋನಾ?” ಎಂದು ಕೇಳಿದ ಪುಣ್ಯಾತ್ಮ! ನಗಬೇಕೋ ಅಳಬೇಕೋ ತಿಳಿಯದೆ ಅವನ ಕೈಗೆ ರಸೀದಿ ಕೊಟ್ಟು ಕಳಿಸಿದೆ.

ಫೋನು ಬರುತ್ತಿದ್ದುದು ಭಾನುವಾರ ಬೆಳಿಗ್ಗೆ, ತಿಂಡಿಯ ಹೊತ್ತಿಗೆ. ಅತ್ತೆ ಮಿಂದು, ಮಡಿಸೀರೆ ಉಟ್ಟು, ಫೋನಿನ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತಿರುತ್ತಿದ್ದರು. ನಾನು ಅವರ ಭುಜಕ್ಕೆ ಭುಜ ಹಚ್ಚಿ ರಿಸೀವರಿಗೆ ಕಿವಿ ಕೊಟ್ಟು ನಿಲ್ಲುತ್ತಿದ್ದೆ. ಮೊದಲ ಸಲವಂತೂ ರಾಮಾಯಣವೇ ಆಯಿತು. ಇಲ್ಲಿಂದ ಆಡಿದ ಮಾತು ಆಕಾಶಕ್ಕೆ ಹೋಗಿ ಅಲ್ಲಿಗೆ ಇಳಿಯಲು ಒಂದಿಷ್ಟು ಹೊತ್ತು ಬೇಕು. ಅಷ್ಟರಲ್ಲಿ ಈ ಕಡೆಯಿಂದ ಯಾರಾದರೂ ಕಮಕ್ ಕಿಮಕ್ ಅಂದರೂ ಆ ಕಡೆಯ ದನಿ ಕತ್ತರಿಸಿಹೋಗುತ್ತದೆ. ಅತ್ತೆ ‘ಹೂಂ’ ಅಂದಾಗಲೆಲ್ಲ ಮಗನ ಅರ್ಧ ಮಾತು ಮಾಯ. ಮಾತು ನಿಂತಿತೆಂದು ಅತ್ತೆ ಗಾಬರಿಯಾಗಿ, “ಹಲೋ, ಹಲೋ, ತಮ್ಮಾ, ಅದೀಯಿಲ್ಲೋ?” ಅನ್ನುವುದು, ಆ ಹಲೋಗಳು ಉಳಿದರ್ಧ ಮಾತನ್ನೂ ನುಂಗುವುದು.

ಆಗ ಇವರು ತಮ್ಮ ವೈರ್‌ಲೆಸ್ಸಿನ ಪದ್ಧತಿಯನ್ನೇ ನಮಗೆ ಕಲಿಸಿದರು. ಮೊದಲು, ಆ ಕಡೆಯವರು ಹೇಳಿದ್ದು ಮುಟ್ಟಿದ್ದರೆ ‘ಕೇಳಿಸ್ತು’ ಅನ್ನಬೇಕು. ಆಮೇಲೆ ನಮ್ಮ ಮಾತು. ಮುಗಿದ ಮೇಲೆ ‘ನಂದಾತು, ನೀ ಹೇಳು’ ಅಂದು ಬಾಯಿ ಮುಚ್ಚಿಕೊಳ್ಳಬೇಕು. ಅವರದಾಗುವವರೆಗೆ ‘ಹೂಂ’ ಸಹ ಅನ್ನಬಾರದು.

‘ನಂದಾತು’ ಅತ್ತೆಯವರಿಗೆ ಬಹಳ ಹಿಡಿಸಿತು. ಹಾಲಿನವನಿಗೆ ನೀರಿನ ಪಾಲು ಹೆಚ್ಚಾಗಿದೆಯೆಂದು ಬೈದು, ಕೊನೆಗೆ ಸೊಂಟದ ಮೇಲೆ ಕೈಯಿಟ್ಟು “ನಂದಾತು, ನೀ ಹೇಳು” ಅನ್ನುತ್ತಿದ್ದರು. ಅವನು ತೆಲುಗಿನವನು, ಪಾಪ, ಪಿಳಿಪಿಳಿ ನೋಡುತ್ತಿದ್ದ. ಆದರೆ ಮೊದಲಿನ ‘ಕೇಳಿಸ್ತು’ ಮಾತ್ರ ಅವರ ಬಾಯಿಗೆ ಬರಲೇ ಇಲ್ಲ. “ಕೇಳಿಸಿದ್ದಕ್ಕ ಅಲ್ಲೇನು ನಾ ಉತ್ತರಾ ಕೊಡೂದು? ಮತ್ತ ಅದನ್ನೇನು ಬ್ಯಾರೆ ಹೇಳೂದು?” ಎಂದು ವಾದ.

“ಹಂಗಲ್ಲವಾ,” ಅಂದಿದ್ದರು ಇವರು ಆ ಕಡೆಯಿಂದ. “ನಾ ಹೇಳಿದ್ದು ಮುಟ್ಟೇತಿ ಅಂತ ನನಗ ಗೊತ್ತಾಗಬೇಕು. ಇಲ್ಲಾಂದ್ರ ಸೆಟ್ಟಿನ ಮುಂದ ಕುಂತಾಂವಗ ಜೀವ ಹಾರಿಹೋಗ್ತೈತಿ.”

“ಆತ್ ಆತು. ನಿನ್ನೆ ಪುಂಡಿಪಲ್ಲೆ ಮಾಡಿದ್ದೆ, ನೀ ಇಲ್ಲಂತ ಗಂಟಲದಾಗ ಇಳೀಲಿಲ್ಲ,” ಎಂದು ಅತ್ತೆ ತಮ್ಮ ದಾರಿ ಹಿಡಿದರು.

ಹೀಗೆ ನಾವು ನಗುನಗುತ್ತ ತಿಂಗಳುಗಳನ್ನು ದಾಟಿಸಿದೆವು. ಇವರು ಹೇಳುವುದೂ ನಗುವಂಥದ್ದೇ ಇರುತ್ತಿತ್ತು. ಅವರ ಠಾಣ್ಯದ ತಂತಿಬೇಲಿಯ ಹೊರಗೆ ಒಬ್ಬ ಹೆಂಗಸು ಶೇಂಗಾ ಹುರಿದು ಮಾರುತ್ತಾಳಂತೆ. ಇವರು ಒಮ್ಮೆ ಅವಳಿಗೆ ಅತ್ತೆಯ ಹಿಂಡಿಯ ರುಚಿ ತೋರಿಸಿದರಂತೆ. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಬೆರಳು ನೆಕ್ಕಿ ಮತ್ತೆ ಕೈ ಚಾಚಿದಳಂತೆ. ಅಂದಿನಿಂದ ದಿನಾ ಇವರ ಪಾಲಿಗೊಂದು ಪೊಟ್ಟಣ, ಬೇಲಿಯ ತಂತಿಗೆ ಸಿಗಿಸಿ ಹೋಗುವಳು. ಅತ್ತೆಗೆ ಹಿಗ್ಗೋ ಹಿಗ್ಗು. ಆಫ್ರಿಕಾದಲ್ಲಿ ತಮ್ಮ ಕೈರುಚಿಗೆ ಗಿರಾಕಿ ಹುಟ್ಟಿದ್ದಾಳೆಂದು ಓಣಿಗೆಲ್ಲ ಸಾರಿದರು.

ಆಮೇಲೊಂದು ಭಾನುವಾರ ಇವರ ದನಿ ಬೇರೆಯಾಗಿತ್ತು. “ಅವ್ವಾ, ಮೊನ್ನಿ ಇಲ್ಲಿ ನಮ್ಮ ಗೇಟಿನ ಹತ್ರ…” ಎಂದು ಶುರು ಮಾಡಿದರು. ಮಗ ಏನೋ ಕಥೆ ಹೇಳುತ್ತಾನೆಂದು ಅತ್ತೆಗೆ ಹುರುಪು ಬಂತು, ಕಲಿತದ್ದೆಲ್ಲ ಮರೆತುಹೋಯಿತು. “ಹೂಂ… ಹೂಂ… ಅಯ್ಯ ಶಿವನ… ಮುಂದ?” ನಾನು ಅವರ ತೋಳು ಚಿವುಟಿದೆ. ಅವರು ನನ್ನ ಕೈ ತಳ್ಳಿದರು. ನನ್ನ ಕಿವಿಗೆ ಬಿದ್ದದ್ದು ಬರೀ ತುಂಡು ತುಂಡು: ‘ಮಂದಿ’, ‘ಬಿಸಲಾಗ’, ‘ಎಷ್ಟು ಕೇಳಿದ್ರೂ’. ಕೊನೆಗೆ ಆ ಕಡೆ ಮೌನ. ಇವರು ಹೇಳಿ ಮುಗಿಸಿ ಕಾಯುತ್ತಿದ್ದಾರೆಂದು ನನಗೆ ಗೊತ್ತಾಯಿತು. ಅತ್ತೆಗೆ ಗೊತ್ತಾಗಲಿಲ್ಲ. ಮೌನ ಕಂಡರೆ ತುಂಬುವವರು ಅವರು. ತಂಗಿಯ ಮಗಳಿಗೆ ವರ ಗೊತ್ತಾದದ್ದು, ಹುಡುಗ ಸಾಫ್ಟ್‌ವೇರಿನವನಾಗಿದ್ದು, ಎಲ್ಲ ಒಂದೇ ಉಸಿರಿಗೆ ಹೇಳಿ, “ನಂದಾತು, ನೀ ಹೇಳು,” ಅಂದರು.

“ಏನಿಲ್ಲವಾ,” ಅಂದರು ಇವರು. “ಆರಾಮ ಇದ್ದೀನಿ. ಬಿಡು.”

ಮುಂದಿನ ಭಾನುವಾರಗಳಲ್ಲಿ ನಾನು ಕೆದಕಿ ಕೇಳಿದೆ. ‘ಆರಾಮ’ದ ಹೊರತು ಇನ್ನೊಂದು ಮಾತು ಹೊರಡಲಿಲ್ಲ.

ಶ್ರಾವಣದಲ್ಲಿ ಇವರು ಮನೆಗೆ ಬಂದರು. ಮೈಕೈ ನೆಟ್ಟಗಿತ್ತು, ಒಂದು ಗಾಯವಿಲ್ಲ, ಗೀರಿಲ್ಲ. ನಾನು ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ. ಅತ್ತೆ ಹೋಳಿಗೆ ಮಾಡಿ, ಬಿಸಿ ರೊಟ್ಟಿ ಬಡಿದು, ಹೊಸದಾಗಿ ಕುಟ್ಟಿದ ಶೇಂಗಾ ಹಿಂಡಿಯನ್ನು ತಟ್ಟೆಯ ತುದಿಗೆ ಬಡಿಸಿದರು. ಇವರು ಎಲ್ಲ ಉಂಡರು. ಹಿಂಡಿಯನ್ನು ಮಾತ್ರ ಬೆರಳಿಂದ ಪಕ್ಕಕ್ಕೆ ಸರಿಸಿದರು.

“ಉಪ್ಪು ಹೆಚ್ಚಾತೇನ ತಮ್ಮಾ?”

“ಹೂಂ.”

ಅಷ್ಟೇ. ಅಂದಿನಿಂದ ಆ ಮನೆಯಲ್ಲಿ ಇವರ ಬಾಯಿಂದ ಬಂದದ್ದು ಬರೀ ‘ಹೂಂ’. ಚಹಾ ಬೇಕೇ? ಹೂಂ. ಸಿನಿಮಾಕ್ಕೆ ಹೋಗೋಣವೇ? ಹೂಂ, ಆದರೆ ಎದ್ದರೆ ತಾನೆ! ಕಿಟಕಿಯ ಪಕ್ಕ ಕೂತು ರಸ್ತೆ ನೋಡುವುದು, ಕೂತಲ್ಲೇ ಕತ್ತಲಾಗುವುದು. ಒಂದು ದಿನ ನನಗೆ ಸಿಟ್ಟು ನೆತ್ತಿಗೇರಿ, “ನಾನೇನ್ ಗ್ವಾಡಿ ಜೋಡಿ ಸಂಸಾರ ಮಾಡಾಕತ್ತೀನೇನ್ರಿ?” ಎಂದು ಕಿರುಚಿದೆ. ಅದಕ್ಕೂ ಹೂಂ ಅಂದರು. ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಬಿಕ್ಕಿದೆ. ರಜೆ ಮುಗಿದರೆ ಇವರು ಗಡಿಯ ಕಡೆ ಎಲ್ಲಿಗೋ ಹೋಗುವವರು. ಹೀಗೇ ಬಾಯಿ ಕಟ್ಟಿಕೊಂಡು ಹೋದರೆ, ಆಫ್ರಿಕಾಕ್ಕೆ ಹೋದ ನನ್ನ ಗಂಡ ಮತ್ತೆ ನನಗೆ ಸಿಗುವುದಿಲ್ಲ, ಸಂಬಳ ಕಳಿಸುವ ಯಾರೋ ಒಬ್ಬ ಸಿಗುತ್ತಾನೆ ಎಂದು ನನಗೆ ಖಾತ್ರಿಯಾಗಿತ್ತು. ಆ ಹೆದರಿಕೆಯಲ್ಲಿ ಊಟ ರುಚಿಸುತ್ತಿರಲಿಲ್ಲ.

ಆಗ ಮಣಿಕೊಂಡದ ಕಡೆ ಬಂಡೆ ಒಡೆದು ಅಪಾರ್ಟ್‌ಮೆಂಟು ಏಳಿಸುತ್ತಿದ್ದರು. ನಮ್ಮ ಸೆಂಟರಿನಲ್ಲಿ ಎಲ್ಲರ ಬಾಯಲ್ಲೂ ಅದೇ, ಫ್ಲ್ಯಾಟು, ಫ್ಲ್ಯಾಟು. ಕೊಳ್ಳುವ ಶಕ್ತಿ ನಮಗೆಲ್ಲಿ? ಇವರಿಗೆ ಗಾಳಿ ಬದಲಾಗಲಿ ಎಂದು, ನೋಡಿ ಬರೋಣ ಬನ್ನಿ ಎಂದು ಬಲವಂತಕ್ಕೆ ಎಬ್ಬಿಸಿಕೊಂಡು ಹೋದೆ. ಒಂದು ಕಟ್ಟಡದ ದೊಡ್ಡ ಗೇಟು ಮುಚ್ಚಿತ್ತು. ಅದರ ಮುಂದೆ ನಮ್ಮ ಯಾದಗಿರಿ ಕಡೆಯ ಕೂಲಿ ಜನ, ಆಗಷ್ಟೇ ಬಂದಿಳಿದವರು, ಚಾಪೆ, ಕೊಡ, ಕೂಸುಗಳ ಸಮೇತ ಬಿಸಿಲಲ್ಲಿ ಕೂತಿದ್ದರು. ಅವರನ್ನು ಕೂಲಿಗೆ ಕರೆತಂದ ಮುಕದ್ದಮ ಬಂದು ಹೇಳಿದ ಮೇಲೇ ಒಳಗೆ ಬಿಡುತ್ತಾರಂತೆ. ಹೈದರಾಬಾದಿನಲ್ಲಿ ದಿನಾ ಕಾಣುವ ನೋಟ ಅದು.

ಇವರು ಅಲ್ಲೇ ನಿಂತುಬಿಟ್ಟರು. ನಾನು ಕೈ ಹಿಡಿದೆಳೆದರೆ ಬರಲಿಲ್ಲ. ಒಮ್ಮೆಲೆ ಹೋಗಿ ಅಗಳಿ ತೆಗೆದು ಎರಡೂ ಕೈಯಿಂದ ಗೇಟನ್ನು ನೂಕಿ ತೆರೆದರು. ಕಾವಲಿನವನು ಓಡಿ ಬಂದು, “ಏ ಭಾಯ್, ಕ್ಯಾ ಕರ್ರೈ? ನಕ್ಕೋ ಖೋಲೋ!” ಎಂದು ಮತ್ತೆ ಮುಚ್ಚಲು ನೋಡಿದ. ಇವರು ಗೇಟಿಗೆ ಬೆನ್ನು ಕೊಟ್ಟು ನಿಂತು, “ಒಳಗ ಬರ್ರಿ! ಎಲ್ಲಾರೂ ಒಳಗ ಬರ್ರಿ! ಯಾರನ್ನೂ ಕೇಳಬ್ಯಾಡ್ರಿ!” ಎಂದು ಕೂಗಿದರು. ಇಷ್ಟು ದಿನಗಳಲ್ಲಿ ನಾನು ಕೇಳಿದ ಮೊದಲ ಪೂರ್ತಿ ಮಾತು ಅದು. ಕೂಲಿಯವರು ಹೆದರಿ ಎದ್ದು ನಿಂತರು. ಒಬ್ಬ ಮುದುಕಿ, “ಯಪ್ಪಾ, ಬಿಡ್ರಿ. ನಮಗೇನ್ ಅವಸರ ಇಲ್ಲ. ಮುಕದ್ದಮ ಬರ್ತಾನ,” ಅಂದಳು. ಇವರು ಅವಳ ಮುಖ ನೋಡಿದರು, ಗೇಟು ಬಿಟ್ಟರು, ಏನೂ ಆಗದವರಂತೆ ಬಸ್ಸಿನ ಕಡೆ ನಡೆದರು.

ಮನೆಗೆ ಬಂದು ಅತ್ತೆಗೆ ನಡೆದದ್ದನ್ನು ಹೇಳಿದೆ. “ಗೇಟಂತ ಫೋನಿನ್ಯಾಗೂ ಏನೋ ಹೇಳಾಕತ್ತಿದ್ರಲ್ರಿ ಅತ್ತಿ, ಆವತ್ತು,” ಅಂದೆ. ನಾನು ಹೇಳಿ ಮುಗಿಸುವವರೆಗೆ ಅತ್ತೆ ಒಂದೇ ಒಂದು ‘ಹೂಂ’ ಅನ್ನಲಿಲ್ಲ. ನನಗೇ ಭಯವಾಯಿತು.

ಮರುದಿನ ಭಾನುವಾರ. ಅತ್ತೆ ಮಿಂದು, ಮಡಿಸೀರೆ ಉಟ್ಟು, ಫೋನಿನ ಪಕ್ಕದ ಕುರ್ಚಿಯಲ್ಲಿ ಕೂತರು. ಇನ್ಯಾರ ಫೋನು ಬರಬೇಕಿತ್ತು? ಇವರು ಎಂದಿನಂತೆ ಕಿಟಕಿಯ ಪಕ್ಕ. ಅತ್ತೆ ಗಂಟಲು ಸರಿಮಾಡಿಕೊಂಡು ಹೇಳಿದರು: “ತಮ್ಮಾ, ಅವತ್ತು ನೀ ಏನೋ ಹೇಳಾಕತ್ತಿದ್ದಿ. ನಾ ನಡುವ ಬಾಯಿ ಹಾಕಿದೆ. ಇವತ್ತು ಹಾಕೂದಿಲ್ಲ. ನಂದಾತು, ನೀ ಹೇಳು.”

ಹಾಗಂದು ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಕೂತರು. ನಾನು ಬಾಗಿಲಲ್ಲಿ ನಿಂತಿದ್ದೆ. ಹಾಲಿನವನು ಬಂದು ಕೂಗಿದ, ಹೋದ. ಪಕ್ಕದ ಮನೆಯ ಕುಕ್ಕರ್ ಕೂಗಿತು. ಅತ್ತೆ ಇಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಹಿಂದೆ ನೋಡಿರಲಿಲ್ಲ, ಮಾವನವರನ್ನು ಕಳೆದುಕೊಂಡಾಗಲೂ ಇರಲಿಲ್ಲವಂತೆ. ನನಗೇ ತಡೆಯದೆ ಏನಾದರೂ ಅನ್ನಬೇಕೆಂದು ಬಾಯಿ ತೆರೆದೆ. ಅತ್ತೆ ಕಣ್ಣಲ್ಲೇ ಗದರಿಸಿದರು.

ಇವರು ರಸ್ತೆಯ ಕಡೆ ನೋಡುತ್ತಲೇ ಮಾತು ಶುರು ಮಾಡಿದರು.

“ಮುಂಜಾನೆ ಮಂದಿ ಬಂದ್ರವಾ. ಪೂರಾ ಹಳ್ಳಿ. ಚಾಪಿ, ಬೋಗಾಣಿ, ಕೂಸುಗೋಳು ಕಟಗೊಂಡು ನಮ್ಮ ಗೇಟಿನ ಮುಂದ ಕುಂತ್ರು. ಹಿಂದಿನ ಹಳ್ಳಿಗಿ ಹತ್ಯಾರದ ಮಂದಿ ಬಂದಾರ, ಒಳಗ ಬಿಡ್ರಿ ಅಂತ. ಮುಂದ ಆಕೀನ ಇದ್ದಳು, ಶೇಂಗಾದಾಕಿ. ನನ್ನ ನೋಡಿ ನಕ್ಕಳು. ನಾ ಅದೀನಲ್ಲ, ಇನ್ನೇನ್ ಹೆದರಿಕಿ ಅಂತ ಆಕಿಗೆ. ಸಾಹೇಬ್ರು ಅಂದ್ರು, ದೊಡ್ಡ ಕ್ಯಾಂಪಿನ ಹುಕುಂ ಇಲ್ಲದ ಗೇಟು ತಗಿಯಾಕ ಬರೂದಿಲ್ಲ, ಕೇಳು. ಕೇಳಿದೆ. ಗೇಟು ತಗೀಲೇನ್ರಿ ಅಂತ ಸೆಟ್ಟಿನಾಗ ಕೇಳಿದೆ, ನಂದಾತು ಅಂದೆ, ಕಾದೆ. ಜವಾಬಿಲ್ಲ. ಮತ್ತ ಕೇಳಿದೆ. ಕಿವ್ಯಾಗ ಬರೇ ಸರಸರ ಸಪ್ಪಳ. ಬಿಸಲು ನೆತ್ತಿಗಿ ಬಂತು. ಕೂಸುಗೋಳು ಅಳಾಕತ್ತಿದ್ವು. ಬ್ಯಾಡ ಅಂತನರ ಅಂದಿದ್ರ ಸಾಹೇಬ್ರ ಜೋಡಿ ಜಗಳಾ ತಗೀತಿದ್ದೆ. ಏನಿಲ್ಲಂದ್ರ ಕೇಳಿಸ್ತು ಅಂತನರ ಅನಬೇಕಿತ್ತು. ಹೊತ್ತು ಇಳದ ಮ್ಯಾಲೆ ಮಂದಿ ಎದ್ದರು. ಹೊಳಿ ದಾರಿ ಹಿಡದ್ರು. ಆಕಿ ಹೋಗೂ ಮುಂದ ನನ್ನ ಪೊಟ್ಣ ತಂತಿಗೆ ಸಿಗಿಸಿ ಹೋದಳವಾ. ಎಂದಿನಂಗ.”

ಇವರ ದನಿ ಒಡೆಯಿತು. ಅತ್ತೆ ಕದಲಲಿಲ್ಲ. ಸೆರಗನ್ನು ಇನ್ನಷ್ಟು ಒತ್ತಿ ಹಿಡಿದರು.

“ಸಂಜೀಮುಂದ ಸೆಟ್ಟು ಮಾತಾಡ್ತು. ‘ನಿಂದು ಕೇಳಿಸಿಲ್ಲ, ಮತ್ತ ಹೇಳು’ ಅಂದ್ರು. ಏನ್ ಹೇಳ್ಲಿ? ಗೇಟಿನ ಮುಂದ ಯಾರೂ ಇರಲಿಲ್ಲ. ಮುಂದ ಎಷ್ಟು ವಿಚಾರಿಸಿದ್ರೂ ಆ ಮಂದಿ ಏನಾದ್ರು ಅಂತ ತಿಳೀಲಿಲ್ಲ. ಆಕಿ ಮತ್ತ ಬರಲಿಲ್ಲ.”

ಇವರು ಮೊದಲ ಸಲ ಈ ಕಡೆ ತಿರುಗಿ, ತಾಯಿಯ ಮುಖ ನೋಡಿದರು.

“ನಂದಾತವಾ,” ಅಂದರು.

ಅತ್ತೆ ಈಗ ಶುರು ಮಾಡುತ್ತಾರೆ ಎಂದುಕೊಂಡೆ. ನಿನ್ನ ತಪ್ಪೇನಿಲ್ಲ ಅನ್ನುತ್ತಾರೆ, ಅಯ್ಯ ಶಿವನ ಅನ್ನುತ್ತಾರೆ, ದೇವರು ನೋಡಿಕೊಳ್ಳುತ್ತಾನೆ ಅನ್ನುತ್ತಾರೆ. ಅವರು ಕುರ್ಚಿಯಿಂದೆದ್ದು ಹೋಗಿ ಮಗನ ಪಕ್ಕ ನೆಲದ ಮೇಲೆ ಕೂತರು. ಬಾಯಿಂದ ಸೆರಗು ತೆಗೆದರು.

“ಕೇಳಿಸ್ತು, ತಮ್ಮಾ,” ಅಂದರು. “ಎಲ್ಲಾ ಕೇಳಿಸ್ತು.”

ಇವರು ಸಣ್ಣ ಹುಡುಗನ ಹಾಗೆ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಅತ್ತರು. ನಾನೂ ಹೋಗಿ ಇವರ ಬೆನ್ನಿಗೆ ಕೈಯಿಟ್ಟು ಕೂತೆ. ಅತ್ತೆ ಮಗನ ತಲೆ ಸವರುತ್ತಿದ್ದರು. ಆ ಮುಂಜಾನೆ ಅವರು ಮುಂದೆ ಒಂದು ಮಾತನ್ನೂ ಸೇರಿಸಲಿಲ್ಲ.